ಹಗ್ಗಕ್ಕೆ ತಾಗಿದ ಸೋನಕಿ

೩ ಸೆಪ್ಟೆಂಬರ್ ೨೦೦೦, ರವಿವಾರ

ಎಮ್ಮೆ ಇವತ್ತೂ ಒದೆಯಿತು. ಅರ್ಧ ಚೊಂಬು ಹಾಲು ನೆಲಕ್ಕೆ. ಹೆಂಡತಿಗೆ ಹೇಳಿದ್ದು ಮಾತ್ರ — ಮಳೆಗೆ ಎಮ್ಮೆ ಹಾಲು ಕಡಿಮೆ ಮಾಡಿದೆ. ಫಕೀರವ್ವ ನನ್ನ ಒದ್ದೆ ಧೋತರ ನೋಡಿದಳು. ಚಹಾ ಕರಿಯದು ಬಂತು.

ಭತ್ತ ಚೆನ್ನಾಗಿ ಎದ್ದಿದೆ. ಏಳದೆ ಏನು? ಬೀಜದ ತೆನೆ ಪ್ರತಿ ವರ್ಷ ನಾನೇ ಆರಿಸುತ್ತೇನೆ. ಒಂದೊಂದೇ ತೆನೆ, ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ. ಖಾನಾಪುರ ತಾಲೂಕಿನಲ್ಲೇ ಇಂಥ ಕಣ್ಣು ಇನ್ನೊಬ್ಬರಿಗಿಲ್ಲ. ಬೀಜ ಕೇಳಲು ಊರೆಲ್ಲ ನನ್ನ ಬಾಗಿಲಿಗೆ ಬರುತ್ತದೆ. (ಊರೆಲ್ಲ ಅಂದರೆ ಇಬ್ಬರು. ಆದರೂ ಬರುತ್ತಾರಲ್ಲ.)

ಗಣಪತಿ ಹಬ್ಬದ ಸೂಟಿಗೆ ಸಪ್ನಾ ಬಂದಿದ್ದಾಳೆ. ಬೆಳಗಾವಿ ಅನಗೋಳದ ಮಾಯವ್ವ ಅಕ್ಕನ ಮಗಳು. ಬಿ.ಎಸ್ಸಿ. ಕೊನೆಯ ವರ್ಷ. ಗಿಡಗಳ ಬಗ್ಗೆ ಓದುತ್ತಾಳೆ. ನಮ್ಮ ಮನೆತನದಲ್ಲಿ ನನ್ನ ಏಳನೆಯ ಇಯತ್ತೆಯೇ ದೊಡ್ಡ ದಾಖಲೆ ಆಗಿತ್ತು, ಮುರಿದಳು. ಮುರಿಯಲಿ.

ಮಧ್ಯಾಹ್ನ ಕೇಳಿದಳು, "ಮಾಮಾ, ಕಣಕುಂಬಿ ಸಡಾ ನಿನಗ ಗೊತ್ತೇನು?"

ಗೊತ್ತೇನು ಅಂತೆ! ಕಣಕುಂಬಿ ರಸ್ತೆ ರಿಪೇರಿಯ ಗ್ಯಾಂಗಿಗೆ ಇಪ್ಪತ್ತಾರು ವರ್ಷ ಮುಕಾದಮ, ಅಂದರೆ ಮೇಸ್ತ್ರಿ, ನಾನು. ಹೋದ ವರ್ಷವಷ್ಟೇ ರಿಟೈರ್. ಗುಡ್ಡದ ನೆತ್ತಿಯ ಆ ಕಲ್ಲುಬಯಲಿನಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದೆವು.

"ಸಡಾದ ಮ್ಯಾಲ ಎಷ್ಟು ಕಲ್ಲು ಅದಾವ ಅಂತ ಎಣಿಸಿ ಹೇಳ್ಲೇನು?"

"ಕಲ್ಲು ಬ್ಯಾಡ ಮಾರಾಯ. ಹೂವು ಬೇಕು. ಸೋನಕಿ."

ಸೋನಕಿ ಅಂದರೆ ಮಳೆ ಮುಗಿಯುವಾಗ ಬರುವ ಕಾಡು ಹಳದಿ ಹೂವು. ಅದರಲ್ಲಿ ಎರಡು ಜಾತಿ ಇವೆಯಂತೆ. ನಾವೆಲ್ಲ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ಪುಸ್ತಕ ಬೇರೆ ಬೇರೆ ಅನ್ನುತ್ತದೆ. ಎರಡೂ ಒಂದೇ ಬಯಲಿನಲ್ಲಿ ಬೆಳೆದಾಗ ಖರೇನೇ ಬೇರೆ ಬೇರೆಯಾಗಿ ಇರುತ್ತವೋ, ಇಲ್ಲ ನಡುವಿನವೂ ಇವೆಯೋ — ಅದನ್ನು ಹೋಲಿಸಿ ನೋಡುವುದು ಅವಳ ಪ್ರಾಜೆಕ್ಟ್.

ಎರಡು ಇರುವುದು ನನಗೆ ಮೊದಲೇ ಗೊತ್ತಿತ್ತು ಎಂದೆ. ಗೊತ್ತಿರಲಿಲ್ಲ.

೧೦ ಸೆಪ್ಟೆಂಬರ್, ರವಿವಾರ, ಸಂಜೆ

ಜಾಂಬೋಟಿ ಮಾರ್ಗದ ಬಸ್ಸು. ಡ್ರೈವರ್ ಗುರುತಿನವ. ಸಡಾದ ಬುಡದಲ್ಲೇ ಇಳಿಸಿದ. ಸಪ್ನಾಳ ಮುಂದೆ ಸ್ವಲ್ಪ ದೊಡ್ಡ ದನಿಯಲ್ಲಿ "ನಮಸ್ಕಾರ ಮುಕಾದಮ ಸಾಹೇಬ್ರ" ಅಂದ. ಹಾಗೆ ಅನ್ನು ಎಂದು ಮೊದಲೇ ಹೇಳಿಟ್ಟಿದ್ದೆ.

ಮೇಲೆ ಹತ್ತಿದರೆ... ಗ್ಯಾಂಗಿನವರು ಡಾಂಬರಿನ ಬದಲು ಹಳದಿ ಬಣ್ಣ ಸುರಿದು ಹೋದಂತೆ. ಇಪ್ಪತ್ತಾರು ವರ್ಷ ನೋಡಿದ್ದೇನೆ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಸಪ್ನಾ ಕಲಿಸಿದಳು. ಒಂದು ಜಾತಿಯ ಎಲೆಯ ಬುಡದಲ್ಲಿ ಎರಡು ಕಿವಿ. ಆ ಕಿವಿಗಳು ದಂಟನ್ನು ತಬ್ಬಿ ಹಿಡಿದಿರುತ್ತವೆ. ಅದರ ಇಂಗ್ಲಿಷ್ ಹೆಸರಿನಲ್ಲಿ ಬಾಂಬೆ ಇದೆ. ಸರಿಯಾಗಿದೆ — ಮುಂಬೈ ಲೋಕಲ್ ಟ್ರೇನಿನ ಬಾಗಿಲಲ್ಲಿ ಜನ ಹಾಗೇ ಹಿಡಿದುಕೊಂಡು ನಿಲ್ಲುತ್ತಾರೆ. ನಾನು ಅದಕ್ಕೆ ಮುಂಬೈಕರ ಎಂದು ಹೆಸರಿಟ್ಟೆ. ಇನ್ನೊಂದರ ದಂಟಿಗೆ, ಎಲೆಯ ಕೆಳಗೆ ಬಿಳಿ ನವಿರು, ಜೇಡರ ಬಲೆಯ ಹಾಗೆ. ಅದರ ಹೆಸರಿನಲ್ಲಿ ಎಡ್ಜ್‌ವರ್ತ್ ಎಂಬ ಯಾರೋ ಬಿಳಿಯ. ಚಳಿಗೆ ಉಣ್ಣೆ ಬನಿಯನ್ ಹಾಕಿಕೊಂಡ ಸಾಹೇಬ. ಆಯಿತು — ಮುಂಬೈಕರ, ಸಾಹೇಬ. ಸಪ್ನಾ ನಕ್ಕು ನಕ್ಕು ಕಲ್ಲಿನ ಮೇಲೆ ಕುಳಿತಳು.

ಇನ್ನೊಂದು ಸೋಜಿಗ. ಒಂದು ಹೂವು ಎಂದು ಕಾಣುವುದು ಒಂದು ಹೂವಲ್ಲ. ನಡುವೆ ಸಣ್ಣ ಸಣ್ಣ ಹೂವುಗಳ ಗುಂಪು, ಸುತ್ತಲಿನ ಒಂದೊಂದು ಎಸಳೂ ಒಂದೊಂದು ಹೂವು. ಸೇವಂತಿಗೆ, ಸೂರ್ಯಕಾಂತಿ ಎಲ್ಲ ಇದೇ ಬಳಗವಂತೆ. ಇದು ನನಗೆ ಗೊತ್ತಿತ್ತು ಎನ್ನಲು ಬಾಯಿ ತೆರೆದೆ, ಬರಲಿಲ್ಲ.

ಆರಿಸುವ ಪದ್ಧತಿ ವಿಚಿತ್ರ. ಮೂವತ್ತು ಮೀಟರಿನ ನೈಲಾನ್ ಹಗ್ಗ. ಕಣ್ಣು ಮುಚ್ಚಿ ಒಂದು ಕಡೆ ಎಳೆಯಬೇಕು. ಹಗ್ಗಕ್ಕೆ ಯಾವ ಸೋನಕಿ ತಾಗುತ್ತದೋ ಅದನ್ನೆಲ್ಲ ಕೀಳಬೇಕು. ಸಣ್ಣದು, ಸೊಟ್ಟದ್ದು, ಆಡು ತಿಂದದ್ದು — ಎಲ್ಲ.

"ಇದೇನು ಆರಸೂದು? ಕುರುಡಾಂವ ಮಾಡೂ ಕೆಲಸ."

"ಹೌದು ಮಾಮಾ. ಕುರುಡಾಗೇ ಮಾಡಬೇಕು."

ಹದಿನಾಲ್ಕು ಗಿಡ ಆಗುವಷ್ಟರಲ್ಲಿ ಮಳೆ ಬಡಿಯಿತು. ಅದರಲ್ಲಿ ಮೂರು ಯಾವ ಲೆಕ್ಕಕ್ಕೂ ಬರಲಿಲ್ಲ. ಕಿವಿಯೂ ಇದೆ, ಉಣ್ಣೆಯೂ ಇದೆ. ಸಪ್ನಾ ಆ ಮೂರನ್ನು ತನ್ನ ಓಢಣಿಯೊಳಗೆ ಮುಚ್ಚಿಟ್ಟುಕೊಂಡು ಬಸ್ಸಿನವರೆಗೆ ಓಡಿದಳು. ತಾನು ನೆನೆದರೂ ಅವು ನೆನೆಯಬಾರದು. ಹುಡುಗಿಯ ಮುಖದ ಮೇಲಿನ ಬೆಳಕು... ಇರಲಿ.

೧೩ ಸೆಪ್ಟೆಂಬರ್, ಬುಧವಾರ

ನಿನ್ನೆ ಬೆಳಗಾವಿಯಲ್ಲಿ ಗಣಪತಿ ಕಳಿಸುವ ಮೆರವಣಿಗೆ. ಕಿವಿಯಲ್ಲಿ ಇನ್ನೂ ಢೋಲು. ರಾತ್ರಿ ಅಕ್ಕನ ಮನೆಯಲ್ಲೇ ಉಳಿದೆ.

ಸಪ್ನಾಗೆ ಈ ರವಿವಾರದಿಂದ ಟೆಸ್ಟುಗಳ ಓದು. ಸಡಾಕ್ಕೆ ಬರಲಾಗುವುದಿಲ್ಲ. ಹೂವು ಕಾಯುವುದಿಲ್ಲ. ಎರಡೂ ಜಾತಿ ಸೇರಿ ನೂರಾ ಇಪ್ಪತ್ತು ಗಿಡ ಬೇಕು.

"ನಾ ತರ್ತೀನಿ. ಅದೇನು ದೊಡ್ಡದು?"

"ಮಾಮಾ, ಹಗ್ಗ ಹಾಕೇ ತರಬೇಕು ಮತ್ತ."

"ಹಗ್ಗ ಹಾಕೂದು ನನಗ ಹೇಳ್ತಿ? ಇಪ್ಪತ್ತಾರು ವರ್ಷ ರಸ್ತೇಕ ಹಗ್ಗ ಹಿಡದು ಸೀದಾ ಮಾಡೀನಿ!"

ಅಕ್ಕ ಒಳಗಿಂದಲೇ, "ಅದಕ್ಕ ಆ ರಸ್ತೆ ಹಾವಿನಂಗ ಐತಿ" ಅಂದಳು.

೧೭ ಸೆಪ್ಟೆಂಬರ್, ರವಿವಾರ

ಒಬ್ಬನೇ ಹೋದೆ. ಬಿಸಿಲು ಚೆನ್ನಾಗಿತ್ತು. ರೊಟ್ಟಿ, ಪುಂಡಿಪಲ್ಯ, ಒಂದು ಚೀಲ.

ಹಗ್ಗ ಹಾಕಿದೆ. ಮೊದಲು ತಾಗಿದ್ದು ಆಡು ಕಡಿದ ಗಿಡ. ಎರಡನೆಯದು ಗೇಣುದ್ದ, ಒಂದೇ ಹೂವು. ಮೂರನೆಯದು ಕಿವಿ-ಉಣ್ಣೆ ಎರಡೂ ಇದ್ದ ಬೆರಕೆ. ನಾಲ್ಕನೆಯದೂ ಬೆರಕೆ. ಇಂಥದ್ದನ್ನು ಕಾಲೇಜಿಗೆ ಕಳಿಸುವುದೇ? ಸಪ್ನಾಳ ಮಾಮಾ ಕಳಿಸಿದ್ದು ಎಂದು ನಾಲ್ಕು ಜನ ನೋಡುವವರು. ಬೀಜಕ್ಕೆ ಆರಿಸುವಾಗ ಜೊಳ್ಳು ತೆನೆ ಚೀಲಕ್ಕೆ ಹಾಕುವವನು ರೈತನೇ ಅಲ್ಲ.

ಹಗ್ಗ ಸುತ್ತಿಟ್ಟೆ. ಕಣ್ಣು ಬಿಟ್ಟು ಆರಿಸಿದೆ.

ಅರವತ್ತು ಮುಂಬೈಕರ — ಒಂದೊಂದರ ಕಿವಿಯೂ ಆನೆಯ ಕಿವಿ. ಅರವತ್ತು ಸಾಹೇಬ — ಉಣ್ಣೆ ಹೇಗಿದೆಯೆಂದರೆ ಕತ್ತರಿಸಿ ಕಂಬಳಿ ಮಾಡಬಹುದು. ಬೆರಕೆ ಕಂಡದ್ದನ್ನೆಲ್ಲ ಕಿತ್ತು ಬಾಜು ಒಗೆದೆ, ಮತ್ತೆ ಕಣ್ಣಿಗೆ ಬೀಳದಿರಲಿ ಎಂದು. ಸಂಜೆಗೆ ಆ ಗುಡ್ಡೆ ಮೊಣಕಾಲಿನ ತನಕ ಬಂದಿತ್ತು.

ಹಗ್ಗ ವ್ಯರ್ಥವಾಗಲಿಲ್ಲ. ಎರಡು ಹೊರೆ ಕಟ್ಟಲು ಸರಿಹೋಯಿತು.

೧೮ ಸೆಪ್ಟೆಂಬರ್, ಸೋಮವಾರ

ಅನಗೋಳ. ಗಿಡಗಳನ್ನು ಪೇಪರಿನ ನಡುವೆ ಒತ್ತಿ ಒಣಗಿಸಬೇಕು. ನಾನೇ ಯುಕ್ತಿ ಮಾಡಿದೆ — ಮುಂಬೈಕರರಿಗೆ ಮರಾಠಿ ಪೇಪರು, ಸಾಹೇಬರಿಗೆ ಕನ್ನಡ ಪೇಪರು. ಕಲಸಿಹೋಗುವ ಭಯವಿಲ್ಲ. ಮೇಲೆ ಅಕ್ಕನ ಒಳಕಲ್ಲು, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಸ್ವಲ್ಪ ಹೊತ್ತು ನಾನು.

"ಗಿಡ ಒಣಗಸ್ತಾನೋ, ಹಪ್ಪಳಾ ಮಾಡ್ತಾನೋ" ಅಂದಳು ಮಾಯವ್ವ. "ಇಳಿ, ಟ್ರಂಕು ಕುಸಿತೈತಿ."

ಸಪ್ನಾ ಒಂದೊಂದೇ ಗಿಡ ಎತ್ತಿ ನೋಡಿದಳು. "ಮಾಮಾ! ಎಷ್ಟ್ ಚಂದ ಅದಾವ..." ಎದೆ ನಾಲ್ಕು ಇಂಚು ಮುಂದೆ ಬಂತು.

ಸ್ವಲ್ಪ ಚೇಷ್ಟೆಯನ್ನೂ ಮಾಡಿದ್ದೇನೆ. ಅವಳ ಬಸವಪ್ರಸಾದ ಸರ್ ದೊಡ್ಡ ಪಂಡಿತರಂತೆ. ನಮ್ಮ ಹೊಲದ ಒಂದು ಗುರೆಳ್ಳು ಗಿಡ, ಅದೂ ಹಳದಿ ಹೂವೇ, ಸಾಹೇಬರ ನಡುವೆ ಸೇರಿಸಿದ್ದೇನೆ. ನೋಡೋಣ ಹಿಡಿಯುತ್ತಾರೋ.

೨ ಅಕ್ಟೋಬರ್, ಸೋಮವಾರ

ಬಸ್ ಸ್ಟ್ಯಾಂಡಿನ ದುಂಡಪ್ಪನ ಚಹಾದಂಗಡಿಗೆ ಸಪ್ನಾ ಫೋನ್ ಮಾಡಿದಳು. ದುಂಡಪ್ಪ ಹುಡುಕಿಸಿ ಕರೆಸಿದ.

ಗುರೆಳ್ಳನ್ನು ಸರ್ ನೋಡಿದ ಕೂಡಲೇ ಹಿಡಿದರಂತೆ. "ನಿಮ್ಮ ಮಾಮಾರಿಗೆ ಹೇಳು, ಇದರ ಚಟ್ನಿ ಪುಡಿ ಛಲೋ ಆಗ್ತದ" ಅಂದರಂತೆ. ಆಸಾಮಿ ಪರವಾಗಿಲ್ಲ.

ಮುಖ್ಯ ಸುದ್ದಿ — ಉಳಿದ ಗಿಡಗಳನ್ನು ಅಳೆದು, ಎಣಿಸಿ, ಕೋಷ್ಟಕ ಮಾಡಿದ್ದಾಳೆ. ಎರಡು ಜಾತಿ ಎರಡು ದಂಡೆಯ ಹಾಗೆ ಬೇರೆ. ನಡುವೆ ಒಂದೂ ಇಲ್ಲ. ಸರ್ ಇಷ್ಟು ಸ್ವಚ್ಛ ಫಲಿತಾಂಶ ನೋಡಿಯೇ ಇಲ್ಲವಂತೆ. ನವೆಂಬರ್ ಹನ್ನೊಂದಕ್ಕೆ ಬೆಳಗಾವಿಯಲ್ಲಿ ಜಿಲ್ಲೆಯ ಕಾಲೇಜುಗಳ ಸೆಮಿನಾರ್. ಸಪ್ನಾ ಅಲ್ಲಿ ನಿಂತು ಓದಬೇಕು. ಗೆದ್ದವರಿಗೆ ಮುಂದೆ ಎಂ.ಎಸ್ಸಿ. ಸೇರಲು ತೀರ್ಪು ಕೊಡುವ ಪ್ರೊಫೆಸರರ ಶಿಫಾರಸು ಸಿಗುತ್ತದಂತೆ.

ಫೋನ್ ಇಟ್ಟವನು ಅಂಗಡಿಯಲ್ಲಿ ಎರಡು ತಾಸು ಕುಳಿತೆ. ಎಲ್ಲರಿಗೂ ಹೇಳಿದೆ. ನಿಪ್ಪಾಣಿ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದವರಿಗೂ ಹೇಳಿದೆ.

ದುಂಡಪ್ಪ, "ಮುಕಾದಮ, ಹುಡುಗಿ ಪ್ರಾಜೆಕ್ಟ್ ಅಂದಿದ್ದಿ. ಈಗ ಕೇಳಿದ್ರ ಎಲ್ಲಾ ನಿಂದೇ ಐತೆಲ್ಲೋ."

"ಆರಿಸಿದಾಂವ ಯಾರು? ಆರಸೂದ್ರಾಗ ಎಲ್ಲಾ ಐತಿ ದುಂಡಪ್ಪ!"

೮ ಅಕ್ಟೋಬರ್, ರವಿವಾರ

ನಿನ್ನೆ ದಸರಾ. ಬನ್ನಿ ಕೊಡಲು ಅಕ್ಕನ ಮನೆಗೆ ಹೋಗಿದ್ದೆ. ಹೋಳಿಗೆ ಐದು. (ಆರು.)

ಊಟವಾದ ಮೇಲೆ ಸಪ್ನಾ ಕೋಷ್ಟಕ ತಂದು ಪಕ್ಕ ಕುಳಿತಳು.

"ಮಾಮಾ, ಒಂದು ಕೇಳ್ತೀನಿ. ಹಗ್ಗ ಹಾಕಿದಾಗ ನಡುವಿನವು ಒಂದೂ ತಾಗಲಿಲ್ಲೇನು?"

"ಒಂದೂ ಇಲ್ಲ."

ಎಷ್ಟು ಸಲೀಸಾಗಿ ಬಂತು! ಎಮ್ಮೆಯ ಹಾಲಿನ ಮಾತಿನ ಹಾಗೆ.

ಅವಳು ತಲೆಯಾಡಿಸಿದಳು. "ಹಂಗಾರ ಮೊದಲಿನ ಆ ಮೂರು ನಂದೇ ತಪ್ಪಿರಬೇಕು. ಮಳ್ಯಾಗ ಎಲಿ ಒದ್ದಿ ಆಗಿ ನನಗ ಹಂಗ ಕಂಡಿರಬೇಕು. ಅವನ್ನ ತಗದ್ ಬಿಟ್ಟೆ."

"ತಗದಿ?"

"ಹೂಂ. ನಾ ಒಬ್ಬಾಕಿ ನೋಡಿದ್ದು ಮೂರು. ನೀ ಹಗ್ಗ ಹಾಕಿ ತಂದದ್ದು ನೂರಾ ಇಪ್ಪತ್ತು. ನನ್ನ ಕಣ್ಣು ಇನ್ನೂ ಕಚ್ಚಾ ಐತಿ."

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊರಗೆ ಏನೂ ನೋಡಲಿಲ್ಲ.

೧೪ ಅಕ್ಟೋಬರ್, ಶನಿವಾರ

ದುಂಡಪ್ಪನ ಅಂಗಡಿಯಲ್ಲಿ ಬಸವಪ್ರಸಾದ ಸರ್. ಖಾನಾಪುರದಲ್ಲಿ ಅವರ ಬೀಗರ ಮನೆಯಂತೆ. ತೆಳ್ಳಗಿನ ಮನುಷ್ಯ, ಕನ್ನಡಕಕ್ಕೆ ದಾರ. ಎದ್ದು ಬಂದು ಕೈ ಹಿಡಿದರು.

"ಗುರೆಳ್ಳಿನ ಮಾಮಾ ನೀವ ಏನ್ರೀ?"

ನಕ್ಕೆವು. ಚಹಾ ಬಂತು. ಒಳ್ಳೆಯ ಮನುಷ್ಯ. ಆಮೇಲೆ ಹೇಳಿದರು — ಸೆಮಿನಾರಿಗೆ ತೀರ್ಪು ಕೊಡಲು ಧಾರವಾಡದಿಂದ ಒಬ್ಬ ಹಿರಿಯ ಮೇಡಂ ಬರುತ್ತಾರೆ. ಮೂವತ್ತು ವರ್ಷದಿಂದ ಕಣಕುಂಬಿ, ಚೋರ್ಲಾ ಎಲ್ಲ ಕಾಲಿನಲ್ಲೇ ತಿರುಗಿದವರು.

"ಫೋನಿನ್ಯಾಗ ಸಪ್ನಾಳ ರಿಜಲ್ಟ್ ಹೇಳಿದೆ. ನಡುವಿನ ಗಿಡ ಒಂದೂ ಇಲ್ಲ ಮೇಡಂ, ಅಂತ. ಅವರು 'ಹೌದಾ?' ಅಂದ್ರು. ಅಷ್ಟ."

"ಅಷ್ಟನಾ?"

"ಅಷ್ಟ. ಆಮ್ಯಾಲೆ ಬರ್ತೀನಿ ಅಂತ ಫೋನ್ ಇಟ್ರು."

ಹೌದಾ. ಆ ಒಂದು ಮಾತು ಮನೆಯ ತನಕ ಬೆನ್ನು ಹತ್ತಿ ಬಂತು. ಮೂವತ್ತು ವರ್ಷ ನಡೆದವರು. ಬಗ್ಗಿ ನೋಡಿದವರು. ಎಲ್ಲರ ಮುಂದೆ ನಿಂತು ಸಪ್ನಾ "ಒಂದೂ ಇಲ್ಲ" ಅನ್ನುತ್ತಾಳೆ. ಅವರು "ನಾ ನೋಡೀನಿ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ಮಾಮಾನನ್ನು ಕೇಳುವುದಿಲ್ಲ. ಹುಡುಗಿ ಸುಳ್ಳು ಲೆಕ್ಕ ಬರೆದಳು ಅನ್ನುತ್ತಾರೆ.

೧೫ ಅಕ್ಟೋಬರ್, ರವಿವಾರ

ರೊಟ್ಟಿ ಎರಡೇ ತಿಂದೆ. ಫಕೀರವ್ವ ತಾಟು ಎತ್ತಲಿಲ್ಲ. ಎದುರು ಕುಳಿತಳು.

"ಏನು ಮಾಡೀರಿ?"

"ನಾ ಏನು ಮಾಡ್ಲಿ?"

"ಅದನ್ನ ಕೇಳಾಕತ್ತೀನಿ."

ಹೇಳಿದೆ. ಹಗ್ಗ, ಗುಡ್ಡೆ, ಒಂದೂ ಇಲ್ಲ ಅಂದದ್ದು. ಹೇಳುವಾಗಲೂ ನಡುವೆ ಎರಡು ಸಲ ನನ್ನ ಬೀಜದ ತೆನೆಯ ಹೆಗ್ಗಳಿಕೆ ಬಂತು. ಅವಳು ತಡೆಯಲಿಲ್ಲ.

"ನಾಳಿಗೆ ಹೋಗಿ ಹೇಳಿ ಬರ್ರಿ."

"ಹುಡುಗಿ ಮುಂದ ನಾ ಏನು ಉಳೀತೀನಿ ಫಕೀರಿ?"

"ಸುಳ್ಳು ಇಟಗೊಂಡು ಏನು ಉಳದೀರಿ ಈಗ?"

ತಾಟು ಎತ್ತಿಕೊಂಡು ಹೋದಳು.

೧೬ ಅಕ್ಟೋಬರ್

ಹೋಗಲಿಲ್ಲ. ಎಮ್ಮೆಗೆ ಹುಷಾರಿಲ್ಲ ಎಂದೆ. ಎಮ್ಮೆ ಗಟ್ಟಿಮುಟ್ಟಾಗಿ ಎದುರಿಗೇ ನಿಂತು ಮೆಲುಕು ಹಾಕುತ್ತಿತ್ತು.

೧೭ ಅಕ್ಟೋಬರ್, ಮಂಗಳವಾರ

ಹೇಳಿದೆ.

ಅಕ್ಕನ ಮನೆಯಲ್ಲಿ ದೀಪಾವಳಿಯ ಚಕ್ಕಲಿ ಹಿಟ್ಟಿನ ಕೆಲಸ ನಡೆದಿತ್ತು. ಸಪ್ನಾ ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹರಡಿ ಹಳದಿ ಬಣ್ಣ ತುಂಬುತ್ತಿದ್ದಳು. ಎರಡು ಗಿಡ, ಅಕ್ಕಪಕ್ಕ. ಎಷ್ಟು ಚೆನ್ನಾಗಿ ಬರೆದಿದ್ದಳು! ಇದಕ್ಕೆ ಹದಿನೈದು ದಿನ ಹಿಡಿದಿರಬೇಕು.

"ಸಪ್ನಾ, ನಾ ಹಗ್ಗ ಹಾಕಲಿಲ್ಲ."

ಕುಂಚ ನಿಂತಿತು.

"ಹಾಕಿದೆ. ನಾಲ್ಕು ಗಿಡ ನೋಡಿ ಸುತ್ತಿಟ್ಟೆ. ಆಮ್ಯಾಲ ಚೊಲೋವಷ್ಟ ಆರಿಸಿದೆ. ನಡುವಿನವು ಇದ್ದವು. ಕಿತ್ತು ಒಗದೆ."

ಮಾಯವ್ವ ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಇಂವಾ ಸಣ್ಣಾಂವ ಇದ್ದಾಗಿಂದ ಹಿಂಗ! ಸಂತಿಗೆ ಬದ್ನಿಕಾಯಿ ಒಯ್ಯೂವಾಗ ಚೊಲೋವು ಮ್ಯಾಲೆ, ಹುಳಕು ಬುಡಕ!"

"ಬುಡಕ ಇಟ್ಟಿದ್ರ ಛಲೋ ಇತ್ತಕ್ಕಾ. ಒಗದೇ ಬಿಟ್ಟೀನಿ."

ಸಪ್ನಾ ಬೈಯುತ್ತಾಳೆ ಎಂದು ಕಾದೆ. ಕುಂಚವನ್ನು ನೀರಿನಲ್ಲಿ ತೊಳೆದಳು, ನಿಧಾನವಾಗಿ. ಹಳದಿ ನೀರಾಯಿತು.

"ಎಷ್ಟು ಒಗದಿ?"

ನನ್ನ ಬಾಯಿಯಲ್ಲಿ ಸಂಖ್ಯೆಗಳಿಗೆ ಯಾವತ್ತೂ ಬರವಿಲ್ಲ. ಇವತ್ತು ಒಂದೂ ಬರಲಿಲ್ಲ. "ಎಣಿಸಿಲ್ಲವ್ವಾ. ಮೊಣಕಾಲ ಮಟ ಇತ್ತು."

ಆಗ ಅತ್ತಳು. ಶಬ್ದವಿಲ್ಲದೆ. ನಾನು ಏಳಲೋ, ಕೂರಲೋ ತಿಳಿಯದೆ ಟ್ರಂಕು ನೋಡುತ್ತ ಕುಳಿತೆ. ಕಣ್ಣು ಒರೆಸಿಕೊಂಡು ಅವಳೇ —

"ನಿನ್ನಷ್ಟ ತಪ್ಪು ನಂದೂ ಐತಿ ಮಾಮಾ. ನಾ ಆ ಮೂರು ಕೈಯಾಗ ಹಿಡದು ನೋಡಿದ್ದೆ. ನಿನ್ನ ನೂರಾ ಇಪ್ಪತ್ತು ಚಂದ ಇದ್ವು ಅಂತ ನನ್ನ ಕಣ್ಣ ಬಿಟ್ಟು ಕೊಟ್ಟೆ. ನನಗೂ ಚಂದ ಇದ್ದದ್ದ ಬೇಕಾಗಿತ್ತು."

ಆ ಹದಿನಾಲ್ಕು ಗಿಡಗಳ ಕಟ್ಟು ತೆಗೆದಳು. ನಡುವಿನ ಆ ಮೂರನ್ನೂ ಎಸೆದಿರಲಿಲ್ಲ. ಪುಸ್ತಕದ ಹಿಂದೆ ಇಟ್ಟಿದ್ದಳು.

ಸರ್‌ಗೆ ನಾನೇ ಹೇಳುತ್ತೇನೆ ಎಂದೆ. ಅವಳು, "ಇಬ್ಬರೂ ಹೋಗೂಣು" ಅಂದಳು. ಹೋದೆವು. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಕೊನೆಗೆ, "ಹೂವು ಇನ್ನೂ ಅದಾವೇನ್ರೀ ಮ್ಯಾಲೆ?" ಅಷ್ಟೇ ಕೇಳಿದರು.

೨೨ ಅಕ್ಟೋಬರ್, ರವಿವಾರ

ಸಡಾ. ನಾಲ್ಕು ಜನ — ಸಪ್ನಾ, ಸರ್, ನಾನು, ಫಕೀರವ್ವ. ಫಕೀರವ್ವನನ್ನು ಯಾರೂ ಕರೆದಿರಲಿಲ್ಲ. "ಹಗ್ಗದ ಆ ತುದಿ ಹಿಡಿಯಾಕ ಖಾತ್ರಿ ಮಂದಿ ಬೇಕಲ್ಲ" ಅನ್ನುತ್ತ ಬಸ್ಸು ಹತ್ತಿದಳು.

ಹಳದಿ ಹೋಗಿದೆ. ಅರ್ಧಕ್ಕೆ ಅರ್ಧ ಗಿಡ ಹತ್ತಿಯಾಗಿ ಹಾರಲು ಕುಳಿತಿವೆ. ಆದರೂ ಎಲೆಯ ಬುಡ ಉಳಿದಿದೆ, ದಂಟು ಉಳಿದಿದೆ. ಕಿವಿ, ಉಣ್ಣೆ ನೋಡಲು ಸಾಕು.

ಫಕೀರವ್ವ ಕಣ್ಣು ಮುಚ್ಚಿ ನಡೆದಳು, ಹಗ್ಗ ಎಳೆದುಕೊಂಡು. ಎಡವಲಿಲ್ಲ. ನಾನು ಕೀಳುವವ. ಮೊದಲ ಸೊಟ್ಟ ಗಿಡ ಬಂದಾಗ ನನ್ನ ಕೈ ತನ್ನಷ್ಟಕ್ಕೆ ತಾನೇ ಅದನ್ನು ದಾಟಿ ಮುಂದಿನದಕ್ಕೆ ಹೋಯಿತು. ಛಟ್ ಎಂದು ಬಿತ್ತು ಫಕೀರವ್ವನ ಏಟು.

"ಅದು ತಾಗೇತಿ."

"ಗೊತ್ತು, ಗೊತ್ತು."

"ಗೊತ್ತಿದ್ರ ಕೈ ಅಲ್ಲಿ ಹೆಂಗ ಹೋತು?"

ಖರೇ ಹೇಳಬೇಕೆಂದರೆ — ಕೈಗೆ ಗೊತ್ತಿರಲಿಲ್ಲ. ನನ್ನ ಅಪ್ಪ ಆರಿಸುತ್ತಿದ್ದ ಕೈ ಇದು. ಅವನ ಅಪ್ಪನದೂ. ಕೆಟ್ಟದ್ದನ್ನು ದಾಟುವುದು ಕಲಿತ ಕೈ. ಎಂಟು-ಹತ್ತು ಏಟು ತಿಂದ ಮೇಲೆ ಸ್ವಲ್ಪ ಬಾಗಿತು. ಸರ್ ನಗು ತಡೆಯಲಾರದೆ ಆ ಕಡೆ ತಿರುಗಿ ಕಲ್ಲು ನೋಡುತ್ತಿದ್ದರು.

ನೂರಾ ಇಪ್ಪತ್ತು ಗಿಡ. ಮುಂಬೈಕರ ನಲವತ್ತೆಂಟು. ಸಾಹೇಬ ನಲವತ್ತೊಂದು. ಎರಡೂ ಅಲ್ಲದ್ದು — ಮೂವತ್ತೊಂದು.

ಮೂವತ್ತೊಂದು! ಸಪ್ನಾ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಈ ತುದಿಯಲ್ಲಿ ಶುದ್ಧ ಕಿವಿ, ಆ ತುದಿಯಲ್ಲಿ ಶುದ್ಧ ಉಣ್ಣೆ, ನಡುವೆ ಕಿವಿ ಸಣ್ಣದಾಗುತ್ತ, ಉಣ್ಣೆ ದಪ್ಪವಾಗುತ್ತ... ಇವು ಎರಡರ ಮಕ್ಕಳೋ, ಅಥವಾ ನೆಲದ ಗುಣವೋ, ಈಗಲೇ ಹೇಳಲು ಬರುವುದಿಲ್ಲ ಎಂದರು ಸರ್. ಹೇಳಲು ಬರುವುದಿಲ್ಲ ಎನ್ನುವಾಗ ಆ ಮನುಷ್ಯನಿಗೆ ಎಷ್ಟು ಖುಷಿ! ನಾನು ಜನ್ಮದಲ್ಲಿ ಆ ಮಾತು ಅಂದವನಲ್ಲ.

ಪುಂಡಿಪಲ್ಯ ಎಲ್ಲರೂ ಹಂಚಿಕೊಂಡು ಉಂಡೆವು. ಗಾಳಿಗೆ ಸೋನಕಿಯ ಹತ್ತಿ ಹಾರಿ ಸರ್ ಅವರ ಮೊಸರಿನಲ್ಲಿ ಬಿತ್ತು. ತೆಗೆಯದೆ ಉಂಡರು.

೨೯ ಅಕ್ಟೋಬರ್, ರವಿವಾರ

ದೀಪಾವಳಿ ಆಯಿತು. ಚಕ್ಕಲಿ ಗಟ್ಟಿ. ಹಲ್ಲು ಉಳಿದದ್ದು ಭಾಗ್ಯ. ಅಕ್ಕನಿಗೆ ಹಾಗೆ ಹೇಳಿದ್ದಕ್ಕೆ ಇನ್ನೊಂದು ಡಬ್ಬಿ ಕಟ್ಟಿ ಕೊಟ್ಟಳು.

ಸಪ್ನಾ ಹೊಸದಾಗಿ ಬರೆಯುತ್ತಿದ್ದಾಳೆ. ಹಳೆಯ ಕೋಷ್ಟಕ ಹರಿಯುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಎರಡೂ ಇಡುತ್ತಾಳಂತೆ, ಅಕ್ಕಪಕ್ಕ. ಕೈಯಿಂದ ಆರಿಸಿದ ನೂರಾ ಇಪ್ಪತ್ತರಲ್ಲಿ ನಡುವಿನವು ಸೊನ್ನೆ. ಹಗ್ಗ ಆರಿಸಿದ ನೂರಾ ಇಪ್ಪತ್ತರಲ್ಲಿ ಮೂವತ್ತೊಂದು. ಬಯಲು ಅದೇ.

"ಮಾಮಾ, ನಿನ್ನ ಹೆಸರು ಹಾಕೂದಿಲ್ಲ. 'ಒಬ್ಬ ಅನುಭವಿ ರೈತ' ಅಂತ ಬರೀತೀನಿ."

"ಯಾಕ?"

"ಮಂದಿ ಮುಂದ ಬ್ಯಾಡಲ್ಲ..."

ಇದುವರೆಗೆ ನನ್ನ ಹೆಸರು ಎಲ್ಲೆಲ್ಲಿ ಇರಬಾರದೋ ಅಲ್ಲೆಲ್ಲ ತುರುಕಿದ್ದೇನೆ. ಕಣಕುಂಬಿಯ ಒಂದು ಮೈಲಿಗಲ್ಲಿನ ಹಿಂದೆ ಡಾಂಬರಿನಲ್ಲಿ ಬರೆದದ್ದು ಇನ್ನೂ ಇದೆ. ಈಗ ಇರಬೇಕಾದ ಕಡೆ ತೆಗೆಯುವುದೆಂದರೆ?

"ಬರಿ. ನಾಗಲಿಂಗ. ಮುಕಾದಮ ಅಂತನೂ ಬರಿ."

ನೋಡಿದಳು. ಬರೆದಳು.

೭ ನವೆಂಬರ್, ಮಂಗಳವಾರ

ದುಂಡಪ್ಪನ ಅಂಗಡಿಯಲ್ಲಿ ಎಲ್ಲ ಹೇಳಿದೆ, ಇದ್ದದ್ದು ಇದ್ದ ಹಾಗೆ. ಯಾರೂ ನಂಬಲಿಲ್ಲ. "ನೀ ತಪ್ಪು ಮಾಡೀ ಅಂತ ನೀನ ಹೇಳೂದು? ಇದೂ ಒಂದು ಬಡಾಯಿನ!" ಅಂದ ದುಂಡಪ್ಪ.

ಧೋತರ ಇಸ್ತ್ರಿ. ಟೋಪಿ ತೊಳೆದದ್ದು. ಸೆಮಿನಾರಿಗೆ ಬರಬೇಡ ಎಂದು ಸಪ್ನಾ ಹೇಳಿಲ್ಲ. ಬಾ ಎಂದೂ ಹೇಳಿಲ್ಲ.

೧೧ ನವೆಂಬರ್, ಶನಿವಾರ, ೧೦.೪೦

ಬೆಳಗಾವಿ. ಕಾಲೇಜಿನ ಸಭಾಂಗಣ. ಕೊನೆಯ ಸಾಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಫಕೀರವ್ವ ಬಲಗಡೆ, ಮಾಯವ್ವ ಎಡಗಡೆ. ನಡುವೆ ಒತ್ತಿ ಒಣಗಲು ಇಟ್ಟ ಗಿಡದ ಹಾಗೆ ನಾನು. ಮುಂದೆ ಧಾರವಾಡದ ಮೇಡಂ. ಬಿಳಿ ಕೂದಲು, ಕಾಟನ್ ಸೀರೆ, ಕಾಲಲ್ಲಿ ಗಂಡಸರ ಬೂಟು. ಇಲ್ಲಿಯವರೆಗೆ ನಾಲ್ಕು ಹುಡುಗರು ಓದಿದರು. ಮೇಡಂ ನಾಲ್ವರಿಗೂ ಒಂದೇ ಮಾತು — ಹೌದಾ?

೧೧.೧೦

ಸಪ್ನಾ ನಿಂತಿದ್ದಾಳೆ. ಕಿವಿ, ಉಣ್ಣೆ ಎಲ್ಲ ಹೇಳಿದಳು. ಮುಂಬೈಕರ, ಸಾಹೇಬ ಹೇಳಲಿಲ್ಲ, ಹೇಳಿದ್ದರೆ ಜನ ನಗುತ್ತಿದ್ದರು. ಮೊದಲ ಕೋಷ್ಟಕ ತೋರಿಸಿದಳು. ಸೊನ್ನೆ. ಮೇಡಂ ಪೆನ್ನು ಎತ್ತಿದರು. ಎರಡನೆಯದು ತೋರಿಸಿದಳು. ಮೂವತ್ತೊಂದು. ಮೇಡಂ ಪೆನ್ನು ಇಟ್ಟರು. ಹೌದಾ ಅನ್ನಲಿಲ್ಲ.

೧೧.೨೫

ಪ್ರಶ್ನೆಗಳು. ಮೇಡಂ ಎದ್ದು ನಿಂತೇ ಕೇಳಿದರು. ಬೇರೆಯವರಿಗೆ ಕುಳಿತೇ ಕೇಳಿದ್ದರು. "ಎರಡು ಕೋಷ್ಟಕ ಯಾಕ ಇಟ್ಟಿ? ಮೊದಲಿಂದು ಬಿಟ್ಟಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

ಸಪ್ನಾ: "ನನಗ ಗೊತ್ತಿತ್ರಿ ಮೇಡಂ."

ಮಾಯವ್ವ ನನ್ನ ತೋಳು ಹಿಡಿದಿದ್ದಾಳೆ, ಉಗುರು ಚುಚ್ಚುತ್ತಿದೆ. ಮೇಡಂ ನಗುತ್ತಿದ್ದಾರೆ! ಹೇಳುತ್ತಿದ್ದಾರೆ — "ನಮ್ಮ ಕಪಾಟಿನ್ಯಾಗ ಒಣಗಿಸಿಟ್ಟ ಸಾವಿರ ಗಿಡ ಅದಾವ. ಎಲ್ಲಾ ಇಂಥಾ ಕೈನ ಆರಿಸಿದ್ದು. ಚಂದ ಇದ್ದದ್ದು ಅಷ್ಟ ಕಿತ್ತು, ಉಳದದ್ದು ಬಿಟ್ಟು ಬಂದೀವಿ. ನಾನೂ ಬಿಟ್ಟೀನಿ. ಇದ್ರಾಗ ನಾಗಲಿಂಗ, ಮುಕಾದಮ ಅಂತ ಐತಲ್ಲ, ಅವರು ಬಂದಾರೇನು? ಅವರನ್ನ ಕೇಳಬೇಕು ನಾ, ಆರಿಸುವಾಗ ಏನು ನೋಡಿದ್ರಿ, ಏನು ಬಿಟ್ರಿ ಅಂತ."

ಸಪ್ನಾ ಸಾಲು ಸಾಲು ನೋಡುತ್ತಿದ್ದಾಳೆ. ಸಿಕ್ಕೆ. ಇಲ್ಲಿಂದಲೂ ಕಾಣುತ್ತಿದೆ, ಅವಳ ಕಣ್ಣು ಕೇಳುತ್ತಿದೆ, ಒತ್ತಾಯವಿಲ್ಲ. ಎಲ್ಲರೂ ಹಿಂದೆ ತಿರುಗಿದರು. ಫಕೀರವ್ವ "ಏಳ್ರಿ, ಖರೇ ಅಷ್ಟ ಹೇಳ್ರಿ" ಅನ್ನುತ್ತಿದ್ದಾಳೆ. ಏಳುತ್ತೇನೆ. ಟೋಪಿ ಸರಿಯಿದೆ. ಪೆನ್ನಿನ ಮುಚ್ಚಳ ಎಲ್ಲಿ